ಮೂವರು ದೊರೆಗಳ ಮಂತ್ರಿ, ಒಂದು ಮನೆತನದ ಮೂಲಪುರುಷ

ವಿಜಯದಶಮಿಯ ದಿನ ಅರಮನೆಯಿಂದ ಹೊರಟ ಜಂಬೂ ಸವಾರಿ ಕೆ.ಆರ್. ವೃತ್ತವನ್ನು ದಾಟಿ ಸಯ್ಯಾಜಿರಾವ್ ರಸ್ತೆಗೆ ತಿರುಗುತ್ತದೆ. ಇಕ್ಕೆಲಗಳ ಕಟ್ಟಡಗಳ ಮೇಲೆ, ಮರಗಳ ಮೇಲೆ ಜನ ಕಿಕ್ಕಿರಿದು ನಿಂತಿರುತ್ತಾರೆ. ಬರೋಡೆಯ ಮಹಾರಾಜರ ಹೆಸರು ಹೊತ್ತ ಈ ರಸ್ತೆ ಹುಟ್ಟಿದ್ದು ಹೇಗೆ ಎಂಬುದು ಆ ಜನಸಂದಣಿಯಲ್ಲಿ ಬಹಳ ಮಂದಿಗೆ ಗೊತ್ತಿರಲಾರದು. ಅಲ್ಲಿ ಹಿಂದೆ ಒಂದು ದೊಡ್ಡ ಕಂದಕವಿತ್ತು. ಊರಿನ ಕೊಳಚೆಯೆಲ್ಲ ಸೇರುತ್ತಿದ್ದ ಅದನ್ನು ಮೈಸೂರಿನವರು ಪೂರ್ಣಯ್ಯನ ನಾಲೆ ಎಂದು ಕರೆಯುತ್ತಿದ್ದರು. ಕೋಟೆಗೆ ಸಮೀಪವಿದ್ದ ಅದರ ಭಾಗವನ್ನು 19ನೇ ಶತಮಾನದ ಕೊನೆಯ ಹೊತ್ತಿಗೆ ಮಣ್ಣು ತುಂಬಿ ಮುಚ್ಚಿ, ಮೇಲೆ ರಸ್ತೆಯನ್ನೂ ಸಾಲಂಗಡಿಗಳನ್ನೂ ಮಾಡಲಾಯಿತು. ಕಾವೇರಿಯನ್ನು ಮೈಸೂರಿಗೆ ತರಬೇಕೆಂದು ಒಬ್ಬ ದಿವಾನರು ತೋಡಿಸಿದ, ಕಾವೇರಿ ಎಂದೂ ಹರಿಯದ ಕಾಲುವೆ ಅದು.

ಆ ದಿವಾನರೇ ಪೂರ್ಣಯ್ಯ. ಹೈದರ್ ಅಲಿಯ ಲೆಕ್ಕಪತ್ರ ನೋಡಿದವರು, ಟಿಪ್ಪು ಸುಲ್ತಾನನ ಆಸ್ಥಾನದಲ್ಲಿ ಹಿರಿಯ ಅಧಿಕಾರಿಯಾಗಿದ್ದವರು, ಟಿಪ್ಪುವನ್ನು ಕೊಂದ ಕಂಪನಿಯ ಒಪ್ಪಿಗೆಯಿಂದ ಒಡೆಯರ ರಾಜ್ಯಕ್ಕೆ ದಿವಾನರಾದವರು. ಒಂದೇ ಜೀವಮಾನದಲ್ಲಿ, ಒಬ್ಬರಿಗೊಬ್ಬರು ಆಗದ ಮೂರು ಅಧಿಕಾರಗಳಡಿ ಉನ್ನತ ಹುದ್ದೆಯಲ್ಲಿ ಉಳಿದ ಇನ್ನೊಬ್ಬ ವ್ಯಕ್ತಿಯನ್ನು ನಮ್ಮ ನಾಡಿನ ಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಹಾಗಾಗಿಯೇ ಅವರ ಹೆಸರು ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, ಪಾಳುಬಿದ್ದ ರಾಜ್ಯವನ್ನು ಎತ್ತಿ ನಿಲ್ಲಿಸಿದ ಆಡಳಿತಗಾರ ಎಂಬುದು. ಇನ್ನೊಂದು, ಉಂಡ ಮನೆಗೆ ಎರಡು ಬಗೆದವರು ಎಂಬುದು. ಟಿಪ್ಪುವಿನ ಬಗ್ಗೆ ವಾಗ್ವಾದ ಎದ್ದಾಗಲೆಲ್ಲ ಪೂರ್ಣಯ್ಯನವರನ್ನೂ ಕಟಕಟೆಗೆ ಎಳೆದು ತರುವುದು ವಾಡಿಕೆಯಾಗಿದೆ. ಎಳೆದು ತರುವವರಲ್ಲಿ ಹೆಚ್ಚಿನವರು ಅವರ ಬದುಕಿನ ಕೊನೆಯ ಹದಿಮೂರು ವರ್ಷಗಳನ್ನು ಬಿಟ್ಟು ಮಿಕ್ಕದ್ದನ್ನು ನೋಡುವುದಿಲ್ಲ.

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಇಂದಿನ ತಮಿಳುನಾಡಿಗೆ ಸೇರಿದ ಸೀಮೆಯಲ್ಲಿ, ದೇಶಸ್ಥ ಮಾಧ್ವ ಬ್ರಾಹ್ಮಣರ ಬಡ ಕುಟುಂಬವೊಂದರಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ವೈದಿಕ ವೃತ್ತಿಯಿಂದ ಹೊಟ್ಟೆ ತುಂಬದ ಮನೆಯ ಹುಡುಗ ದಿನಸಿ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಅಲ್ಲಿಂದ ಶ್ರೀರಂಗಪಟ್ಟಣದ ಶ್ರೀಮಂತ ವರ್ತಕ ಅನ್ನದಾನ ಶೆಟ್ಟಿಯವರ ಸಂಪರ್ಕ ದೊರೆಯಿತು. ಶೆಟ್ಟರು ಹೈದರನ ಸೈನ್ಯಕ್ಕೆ ಸಾಮಾನು ಸರಬರಾಜು ಮಾಡುತ್ತಿದ್ದವರು. ಸರಬರಾಜಿನ ಲೆಕ್ಕ ಒಪ್ಪಿಸಲು ಹೋಗಿಬರುತ್ತಿದ್ದ ಯುವಕನ ಅಕ್ಷರ, ಅಂಕಿ, ನೆನಪಿನ ಶಕ್ತಿ ಇವು ಹೈದರನ ಗಮನ ಸೆಳೆದವು. ಓದು ಬರಹ ಬಾರದಿದ್ದ ಹೈದರನಿಗೆ ಜನರನ್ನು ಅಳೆಯುವ ಕಣ್ಣಿತ್ತು. ಹೀಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿನಿಂದ ರಾಜ್ಯದ ಬೊಕ್ಕಸದ ಮುಂದಕ್ಕೆ ಪೂರ್ಣಯ್ಯ ಬಂದರು. ಕನ್ನಡ, ಮರಾಠಿ, ಪಾರಸಿ ಮೂರೂ ನಡೆಯುತ್ತಿದ್ದ ಆ ಕಚೇರಿಗಳಲ್ಲಿ ಕೃಷ್ಣರಾವ್ ಮತ್ತು ಪೂರ್ಣಯ್ಯ ಎಂಬ ಇಬ್ಬರು ಲೆಕ್ಕಾಧಿಕಾರಿಗಳ ಹೆಸರು ಜೋಡಿಯಾಗಿ ಕೇಳಿಬರುತ್ತದೆ.

ಈ ಜೋಡಿಯ ನಿಜವಾದ ಪರೀಕ್ಷೆ ನಡೆದದ್ದು 1782ರ ಡಿಸೆಂಬರಿನಲ್ಲಿ. ಎರಡನೆಯ ಆಂಗ್ಲೊ-ಮೈಸೂರು ಯುದ್ಧ ನಡೆದಿತ್ತು. ಚಿತ್ತೂರಿನ ಬಳಿ ಬೀಡುಬಿಟ್ಟಿದ್ದ ಹೈದರ್ ಬೆನ್ನಿನ ಹುಣ್ಣಿನಿಂದ ನರಳಿ ಡಿಸೆಂಬರ್ 7ರಂದು ತೀರಿಕೊಂಡ. ಟಿಪ್ಪು ಇದ್ದದ್ದು ನೂರಾರು ಮೈಲಿ ದೂರದ ಮಲಬಾರಿನಲ್ಲಿ. ದೊರೆ ಸತ್ತನೆಂದು ತಿಳಿದರೆ ಆ ಕಾಲದ ಸೈನ್ಯಗಳಿಗೆ ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಕಿ ಸಂಬಳಕ್ಕಾಗಿ ದಂಗೆ, ಬೊಕ್ಕಸದ ಲೂಟಿ, ಸಿಂಹಾಸನಕ್ಕೆ ಹಲವು ಹಕ್ಕುದಾರರು. ಪೂರ್ಣಯ್ಯ ಮತ್ತು ಕೃಷ್ಣರಾವ್ ಸಾವಿನ ಸುದ್ದಿಯನ್ನೇ ಹುಗಿದರು. ಟಿಪ್ಪುವಿಗೆ ಓಲೆಕಾರರು ಓಡಿದರು. ಶವವನ್ನು ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಖಜಾನೆಯ ಸಾಗಣೆ ಎಂಬಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದಲ್ಲಿ ಮಾತ್ರ ದಿನದ ವ್ಯವಹಾರ ಎಂದಿನಂತೆ ನಡೆಯಿತು. ಹಕೀಮರು ಡೇರೆಗೆ ಹೋಗಿಬರುತ್ತಿದ್ದರು, ಆಜ್ಞೆಗಳು ಹೊರಡುತ್ತಿದ್ದವು, ಸಂಬಳ ಬಟವಾಡೆಯಾಗುತ್ತಿತ್ತು. ಹೈದರನ ಎರಡನೆಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರುವ ಒಳಸಂಚೊಂದು ಹುಟ್ಟಿಕೊಂಡಿತು. ಅದನ್ನೂ ಸದ್ದಿಲ್ಲದೆ ಅಡಗಿಸಲಾಯಿತು. ಟಿಪ್ಪು ಬಂದು ಸೇರುವವರೆಗೆ ಸೈನ್ಯ ಚದುರಲಿಲ್ಲ. ಒಂದು ರೂಪಾಯಿಯೂ ಕದಲದ ಬೊಕ್ಕಸವನ್ನು ಅವನ ಕೈಗೆ ಒಪ್ಪಿಸಿದಾಗ ಪೂರ್ಣಯ್ಯನವರಿಗೆ ಮೂವತ್ತಾರು ವರ್ಷ.

ಈ ಕಥೆಯನ್ನು ವಿವರವಾಗಿ ಬರೆದವರು ಕರ್ನಲ್ ಮಾರ್ಕ್ ವಿಲ್ಕ್ಸ್. ಅವರು ಮುಂದೆ ಮೈಸೂರಿನಲ್ಲಿ ರೆಸಿಡೆಂಟರ ಕೆಲಸ ಮಾಡುತ್ತ ಮುದಿ ಪೂರ್ಣಯ್ಯನವರ ಬಾಯಿಂದಲೇ ಬಹಳ ಸಂಗತಿಗಳನ್ನು ಕೇಳಿ ಬರೆದುಕೊಂಡವರು. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವಾಗ ಯಾರೂ ತಮ್ಮ ಪಾಲನ್ನು ಕಡಿಮೆ ಮಾಡಿ ಹೇಳುವುದಿಲ್ಲ ಎಂಬ ಎಚ್ಚರ ಓದುಗರಿಗೆ ಇರಬೇಕು. ಆದರೂ ಸೈನ್ಯ ಚದುರಲಿಲ್ಲ, ಟಿಪ್ಪು ನಿರಾತಂಕವಾಗಿ ಪಟ್ಟಕ್ಕೆ ಬಂದ ಎಂಬುದು ಯಾರ ಬಾಯಿಮಾತನ್ನೂ ಅವಲಂಬಿಸಿದ್ದಲ್ಲ. ಆ ಕೆಲವು ವಾರಗಳಲ್ಲಿ ಬೊಕ್ಕಸದ ಕೀಲಿ ಯಾರ ಕೈಯಲ್ಲಿತ್ತೋ ಅವರು ಬೇರೆ ಬಗೆದಿದ್ದರೆ ಟಿಪ್ಪುವಿನ ಆಳ್ವಿಕೆ ಆರಂಭವಾಗುವುದೇ ಸಂದೇಹವಿತ್ತು.

ಟಿಪ್ಪುವಿನ ಹದಿನಾರು ವರ್ಷಗಳ ಆಳ್ವಿಕೆಯುದ್ದಕ್ಕೂ ಪೂರ್ಣಯ್ಯ ಹುದ್ದೆಯಲ್ಲಿ ಉಳಿದರು. ಉಳಿಯುವುದು ಸುಲಭವಾಗಿರಲಿಲ್ಲ. ಜೊತೆಗಾರ ಕೃಷ್ಣರಾವ್ 1791ರಲ್ಲಿ, ಕಾರ್ನ್‌ವಾಲಿಸನ ಸೈನ್ಯ ಮೈಸೂರನ್ನು ಹೊಕ್ಕಿದ್ದ ಹೊತ್ತಿನಲ್ಲಿ, ಒಳಸಂಚಿನ ಶಂಕೆಗೆ ಗುರಿಯಾಗಿ ಪ್ರಾಣ ತೆತ್ತರು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಉಳಿದ ಅರ್ಧ ರಾಜ್ಯದಿಂದ ಆ ಹಣವನ್ನು ಹೊಂದಿಸುವುದು, ಸೈನ್ಯವನ್ನು ಮತ್ತೆ ಕಟ್ಟುವುದು ಯಾವ ಬಗೆಯ ಕೆಲಸ ಎಂಬುದನ್ನು ಸರ್ಕಾರಿ ಲೆಕ್ಕ ನೋಡಿದ ಯಾರಾದರೂ ಊಹಿಸಬಹುದು. ಪೂರ್ಣಯ್ಯ ಲೆಕ್ಕದ ಮೇಜಿಗೆ ಅಂಟಿಕೊಂಡ ಗುಮಾಸ್ತರಾಗಿರಲಿಲ್ಲ. ಕುದುರೆ ಏರಿ ದಂಡಿನ ಜೊತೆ ಹೋಗುತ್ತಿದ್ದರು, ಸವಾರರ ತುಕಡಿಗಳನ್ನು ನಡೆಸುತ್ತಿದ್ದರು.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿತ್ತು. ಆಪಾದನೆಯ ಬೇರು ಇರುವುದು ಆ ಮಧ್ಯಾಹ್ನದಲ್ಲಿ. ಕೋಟೆಗೋಡೆ ಒಡೆದ ಜಾಗದಲ್ಲಿದ್ದ ಸಿಪಾಯಿಗಳನ್ನು ಸಂಬಳ ಹಂಚುವ ನೆಪದಲ್ಲಿ ಹಿಂದಕ್ಕೆ ಕರೆಸಲಾಯಿತು ಎಂಬ ಮಾತಿದೆ. ಈ ಹೊಣೆಯನ್ನು ಹೆಚ್ಚಾಗಿ ಮೀರ್ ಸಾದಿಕನ ಮೇಲೂ, ಕೆಲವರು ಪೂರ್ಣಯ್ಯನವರ ಮೇಲೂ ಹೊರಿಸಿದ್ದಾರೆ. ಮೀರ್ ಸಾದಿಕನನ್ನು ಟಿಪ್ಪುವಿನ ಸಿಪಾಯಿಗಳೇ ಅಂದು ಕೊಂದುಹಾಕಿದರು. ಪೂರ್ಣಯ್ಯ ಕೋಟೆಯ ಹೊರಗೆ ಟಿಪ್ಪುವಿನ ಹಿರಿಯ ಮಗ ಫತೇ ಹೈದರನ ಸವಾರ ಪಡೆಯ ಜೊತೆಗಿದ್ದರು ಎಂಬುದನ್ನು ಮರೆಯುವಂತಿಲ್ಲ. ಇತಿಹಾಸಕಾರರಲ್ಲಿ ಈ ವಿಷಯಕ್ಕೆ ಒಮ್ಮತವಿಲ್ಲ. ಎಂದೂ ಬರುವಂತೆ ಕಾಣುವುದೂ ಇಲ್ಲ.

ಆದರೆ ವಿವಾದವಿಲ್ಲದ ಒಂದು ಸಂಗತಿ ಇದೆ. ಅದು ಆಪಾದನೆ ಹೊರಿಸುವವರಿಗೂ, ಪೂರ್ಣಯ್ಯನವರನ್ನು ಒಡೆಯರ ಮನೆತನದ ಗುಪ್ತ ಭಕ್ತರೆಂದು ಹೊಗಳುವವರಿಗೂ ಅಷ್ಟಾಗಿ ಹಿಡಿಸುವುದಿಲ್ಲ. ಟಿಪ್ಪು ಮಡಿದ ಕೆಲವೇ ದಿನಗಳಲ್ಲಿ ಪೂರ್ಣಯ್ಯ ಜನರಲ್ ಹ್ಯಾರಿಸನ ಮುಂದೆ ಬಂದಾಗ ಅವರು ಇಟ್ಟ ಸಲಹೆ ಹಳೆಯ ಅರಸು ಮನೆತನವನ್ನು ಮರಳಿ ತರಬೇಕು ಎಂಬುದಾಗಿರಲಿಲ್ಲ. ಫತೇ ಹೈದರನನ್ನೇ ಪಟ್ಟಕ್ಕೆ ಕೂರಿಸಬೇಕು, ಕಂಪನಿಗೆ ಸಲ್ಲಬೇಕಾದ ಹಣ ಸಲ್ಲುತ್ತದೆ, ರಾಜ್ಯವನ್ನು ಒಡೆಯಬಾರದು ಎಂಬುದಾಗಿತ್ತು. ಸೈನ್ಯದಲ್ಲೂ ಆಡಳಿತದಲ್ಲೂ ಬೇರುಬಿಟ್ಟ ಮುಸಲ್ಮಾನ ಕುಟುಂಬಗಳನ್ನು ಒಮ್ಮೆಗೇ ಕಿತ್ತುಹಾಕಿದರೆ ರಾಜ್ಯ ನಿಲ್ಲದು ಎಂಬುದು ಅವರ ತರ್ಕ. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಒಪ್ಪಲಿಲ್ಲ. ಕರಾವಳಿ, ಕೊಯಮತ್ತೂರು, ವಯನಾಡು ಕಂಪನಿಯ ಪಾಲಾದವು. ಈಶಾನ್ಯದ ಸೀಮೆ ನಿಜಾಮನ ಪಾಲಾಯಿತು. ನಡುವೆ ಉಳಿದ ನಾಡಿಗೆ ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ದೊರೆಯಾದರು.

ನನಗೆ ತೋರುವ ಮಟ್ಟಿಗೆ ಪೂರ್ಣಯ್ಯನವರ ನಿಷ್ಠೆ ಇದ್ದದ್ದು ಯಾವುದೇ ಮನೆತನಕ್ಕಲ್ಲ. ನಡೆಯುತ್ತಿರುವ ಆಡಳಿತ ನಿಲ್ಲಬಾರದು, ಲೆಕ್ಕ ತಪ್ಪಬಾರದು, ಅದನ್ನು ನಡೆಸುವವನು ತಾನಾಗಿರಬೇಕು. ಈ ಮೂರರಲ್ಲಿ ಮೊದಲನೆಯದು ಎಲ್ಲಿ ಮುಗಿಯುತ್ತದೆ, ಮೂರನೆಯದು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಅವರಿಗೂ ಸಾಧ್ಯವಾಗಿರಲಿಕ್ಕಿಲ್ಲ.

ದಿವಾನಗಿರಿ ಅವರಿಗೆ ತಾನಾಗಿ ಒದಗಿ ಬಂದದ್ದೂ ಅಲ್ಲ. ರಾಜಮಾತೆ ಲಕ್ಷ್ಮಮ್ಮಣ್ಣಿಯವರು ಹೈದರನ ಕಾಲದಿಂದಲೂ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹಾರ ನಡೆಸಿದ್ದರು. ಅವರ ಪರವಾಗಿ ಓಡಾಡಿದವರು ತಿರುಮಲರಾಯರು. ರಾಜ್ಯ ಮರಳಿ ಬಂದರೆ ಪ್ರಧಾನಿಕೆ ವಂಶಪಾರಂಪರ್ಯವಾಗಿ ತಮಗೇ ಎಂಬ ಭರವಸೆ ಅವರಿಗಿತ್ತು. ಬ್ಯಾರಿ ಕ್ಲೋಸ್ ಮೊದಲಾದ ಇಂಗ್ಲಿಷ್ ಅಧಿಕಾರಿಗಳು ಬೇರೆಯೇ ನಿರ್ಧಾರ ಮಾಡಿದರು. ಊರೂರಿನ ಕಂದಾಯ ಬಲ್ಲವರು, ಸೈನ್ಯಕ್ಕೆ ದವಸ ಹೊಂದಿಸಬಲ್ಲವರು ಅವರಿಗೆ ಬೇಕಿತ್ತು. ನಿನ್ನೆಯವರೆಗೆ ಶತ್ರುವಿನ ಬೊಕ್ಕಸ ನೋಡುತ್ತಿದ್ದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು? ತಿರುಮಲರಾಯರ ಹಕ್ಕು ಮೂಲೆಗೆ ಬಿತ್ತು. ಈ ಪ್ರಸಂಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಹನ್ನೆರಡು ವರ್ಷಗಳ ಮೇಲೆ ಅದು ಇನ್ನೊಂದು ರೂಪದಲ್ಲಿ ಮರುಕಳಿಸುತ್ತದೆ.

1799ರ ಜೂನ್ 30ರಂದು ಪಟ್ಟಾಭಿಷೇಕ ನಡೆಯಿತು. ನಡೆದದ್ದು ಅರಮನೆಯಲ್ಲಲ್ಲ, ಏಕೆಂದರೆ ಮೈಸೂರಿನಲ್ಲಿ ಅಂದು ಅರಮನೆಯೇ ಇರಲಿಲ್ಲ. ಟಿಪ್ಪು ಹಳೆಯ ಕೋಟೆಯನ್ನೂ ಊರನ್ನೂ ಕೆಡವಿಸಿ, ಆ ಕಲ್ಲುಗಳಿಂದ ಪೂರ್ವಕ್ಕೆ ನಜರಬಾದ್ ಎಂಬ ಹೊಸ ಕೋಟೆ ಕಟ್ಟಿಸಲು ತೊಡಗಿದ್ದ. ಅದು ಮುಗಿದಿರಲಿಲ್ಲ. ಚಪ್ಪರದ ಕೆಳಗೆ ಬಾಲ ದೊರೆಗೆ ಪಟ್ಟವಾಯಿತು. ಆಮೇಲೆ ನಜರಬಾದಿನ ಕಲ್ಲುಗಳೇ ಮರಳಿ ಬಂದು ಮೈಸೂರಿನ ಕೋಟೆಯಾದವು. ಒಂದೇ ಕಲ್ಲು ಎರಡು ಆಳ್ವಿಕೆಗಳ ಗೋಡೆಗೆ ಹೋಗಿಬಂದ ಈ ಕಥೆ, ಅದನ್ನು ಹೊರಿಸಿದ ದಿವಾನರ ಕಥೆಗಿಂತ ಬೇರೆಯಲ್ಲ. ಮರದ ಅರಮನೆ ಎದ್ದಿತು. 1897ರಲ್ಲಿ ಬೆಂಕಿಗೆ ಆಹುತಿಯಾದದ್ದು ಅದೇ. ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಇಂದು ನಾವು ಸಾಂಸ್ಕೃತಿಕ ನಗರಿ ಎಂದು ಹೇಳಿಕೊಳ್ಳುವ ಊರು ಮತ್ತೆ ಊರಾದದ್ದು ಆ ವರ್ಷಗಳಲ್ಲಿ.

ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಪ್ಪ ಸಲ್ಲಬೇಕಿತ್ತು. ಮೊದಲ ವರ್ಷಗಳಲ್ಲಿ ಅದು ರಾಜ್ಯದ ವರಮಾನದ ಅರ್ಧಕ್ಕೂ ಹೆಚ್ಚು. ಒಂದು ಕಂತು ತಪ್ಪಿದರೂ ಆಡಳಿತವನ್ನೇ ವಹಿಸಿಕೊಳ್ಳುವ ಅಧಿಕಾರ ಒಪ್ಪಂದದಲ್ಲಿ ಕಂಪನಿಗಿತ್ತು. ಪೂರ್ಣಯ್ಯನವರ ಹನ್ನೆರಡು ವರ್ಷಗಳಲ್ಲಿ ಕಂತು ತಪ್ಪಲಿಲ್ಲ. ಅದೇ ಕಾಲದಲ್ಲಿ ಒಡೆದ ಕೆರೆಗಳ ಏರಿ ಕಟ್ಟಿಸಿದರು, ಕಾಲುವೆಗಳ ಹೂಳು ತೆಗೆಸಿದರು, ದಾರಿಗಳಿಗೆ ಮರ ಮತ್ತು ಛತ್ರಗಳಾದವು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲುಕಂಬಗಳ ಸೇತುವೆ 1804ರಲ್ಲಿ ಮುಗಿಯಿತು. ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಎರಡು ಶತಮಾನಗಳ ಪ್ರವಾಹಗಳನ್ನು ತಡೆದುಕೊಂಡ ಆ ಸೇತುವೆಯಲ್ಲಿ ಕಮಾನುಗಳಿಲ್ಲ. ಕಂಬದ ಮೇಲೆ ಚಪ್ಪಡಿ ಹೊದಿಸುವ ನಮ್ಮ ದೇವಸ್ಥಾನಗಳ ಪದ್ಧತಿಯದೇ ಕಟ್ಟಡ ಅದು.

ಸೇತುವೆಗೆ ಹೆಸರು ಕೊಟ್ಟವರ ತಮ್ಮ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧರಾದವರು, ಆಗ ಶ್ರೀರಂಗಪಟ್ಟಣದಲ್ಲಿದ್ದ ಸೇನಾಧಿಕಾರಿ. ಪೂರ್ಣಯ್ಯನವರಿಗಿಂತ ಇಪ್ಪತ್ತಮೂರು ವರ್ಷ ಕಿರಿಯರು. ಧೋಂಡಿಯ ವಾಘನನ್ನು ಬೆನ್ನಟ್ಟಿದ 1800ರ ದಂಡಯಾತ್ರೆಯಲ್ಲೂ, 1803ರ ಮರಾಠಾ ಯುದ್ಧದಲ್ಲೂ ಅವರ ಸೈನ್ಯಕ್ಕೆ ದವಸ, ಎತ್ತು, ಸಿಲ್ಲೇದಾರ್ ಸವಾರರು ಹೋದದ್ದು ಮೈಸೂರಿನಿಂದ. ಚಿಕ್ಕದೇವರಾಜರ ಬೆಣ್ಣೆಚಾವಡಿಯಿಂದ ಬಂದು ಹೈದರ್ ಟಿಪ್ಪುಗಳ ಫಿರಂಗಿ ಎಳೆದ ಅಮೃತಮಹಲ್ ಎತ್ತುಗಳು ಈಗ ಕಂಪನಿಯ ಫಿರಂಗಿ ಎಳೆದವು. ಬಾಳಂ ಸೀಮೆಯ ಪಾಳೆಯಗಾರ ಕಾಡಿನೊಳಗಿನಿಂದ ಎದುರು ನಿಂತಾಗ 1802ರಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದ್ದೂ ಇದೇ ಜೊತೆಗಾರಿಕೆ. ಕಂಪನಿಯ ನೊಗಕ್ಕೆ ಮೈಸೂರು ಹೆಗಲು ಕೊಟ್ಟದ್ದು ಪೂರ್ಣಯ್ಯನವರ ಕೈಯಿಂದ ಎಂಬ ಮಾತನ್ನು ಅವರ ಅಭಿಮಾನಿಗಳೂ ಅಲ್ಲಗಳೆಯಲಾರರು.

ಅಭಿಮಾನಿಗಳು ಮುಚ್ಚಿಟ್ಟುಕೊಳ್ಳುವ ಇನ್ನೊಂದು ವಿಷಯವಿದೆ. 1811ರಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವಿತ್ತು. ಇದನ್ನು ಅವರ ಮಹಾಸಾಧನೆ ಎಂದು ಎಲ್ಲ ಚರಿತ್ರೆಗಳೂ ಕೊಂಡಾಡುತ್ತವೆ. ಕಪ್ಪ ತೆತ್ತು, ಯುದ್ಧಗಳಿಗೆ ಸರಬರಾಜು ಮಾಡಿ, ಮೇಲೆ ಎರಡು ಕೋಟಿ ಉಳಿಯಬೇಕಾದರೆ ಅದು ರೈತನ ಕಣದಿಂದಲ್ಲದೆ ಬೇರೆಲ್ಲಿಂದ ಬಂದೀತು? ಕಟ್ಟುನಿಟ್ಟಿನ ವಸೂಲಿ ಎಂಬ ಶಬ್ದಕ್ಕೆ ಹಳ್ಳಿಯಲ್ಲಿ ಬೇರೆ ಅರ್ಥವಿರುತ್ತದೆ. ಅಂಗಡಿಯ ಲೆಕ್ಕ ಬರೆದು ಬೆಳೆದವರಿಗೆ ಕೂಡಿಟ್ಟ ಹಣವೇ ಬಲವೆಂದು ಕಂಡದ್ದು ಸಹಜ. ಆದರೆ ಆ ಹಣವನ್ನು ಖರ್ಚುಮಾಡುವ ವಿವೇಕವನ್ನು ಮುಂದಿನವರಿಗೆ ಕಲಿಸುವ ಹೊಣೆ ಯಾರದಾಗಿತ್ತು? ಬಾಲ ದೊರೆಗೆ ಪಂಡಿತರಿದ್ದರು, ಅರಮನೆಯ ಶಿಷ್ಟಾಚಾರವಿತ್ತು. ರಾಜ್ಯದ ಕಾಗದಪತ್ರ, ಕಂದಾಯದ ಒಳಗುಟ್ಟು ಮಾತ್ರ ದಿವಾನರ ಮುಷ್ಟಿಯಲ್ಲೇ ಇತ್ತು. ಮುಮ್ಮಡಿಯವರು ಕಲೆ ಸಾಹಿತ್ಯಗಳಿಗೆ ದೊಡ್ಡ ಆಶ್ರಯದಾತರಾದರು. ಆಡಳಿತ ಮಾತ್ರ ಕೈಜಾರಿತು, ಬೊಕ್ಕಸ ಬರಿದಾಯಿತು, ನಗರದ ರೈತರು ದಂಗೆಯೆದ್ದರು, 1831ರಲ್ಲಿ ರಾಜ್ಯ ಕಂಪನಿಯ ಕಮಿಷನರರ ಕೈಗೆ ಹೋಯಿತು. ಒಡೆಯರಿಗೆ ಅದು ಮರಳಿ ಬರಲು 1881ರವರೆಗೆ ಕಾಯಬೇಕಾಯಿತು. ಈ ಐವತ್ತು ವರ್ಷಗಳ ಹೊಣೆಯೆಲ್ಲ ಪೂರ್ಣಯ್ಯನವರದೆಂದು ಹೇಳುವುದು ಅನ್ಯಾಯ. ಒಂದು ಪಾಲು ಅವರದೂ ಹೌದು.

ದೊರೆಗೆ ಹದಿನಾರು ತುಂಬುತ್ತ ಬಂದಾಗ ದಿವಾನರಿಗೆ ಅರವತ್ತನಾಲ್ಕು. ತಾನು ಕಟ್ಟಿದ್ದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಅಷ್ಟೇ ಅಲ್ಲ, ದಿವಾನಗಿರಿ ತಮ್ಮ ವಂಶದಲ್ಲೇ ಮುಂದುವರಿಯಬೇಕೆಂಬ ಆಸೆ ಹುಟ್ಟಿತು. ಹನ್ನೆರಡು ವರ್ಷಗಳ ಹಿಂದೆ ತಿರುಮಲರಾಯರು ಕೇಳಿ, ಕೈತಪ್ಪಿಸಿಕೊಂಡಿದ್ದುದನ್ನೇ ಈಗ ಅವರ ಜಾಗದಲ್ಲಿ ಕುಳಿತವರು ಕೇಳಿದರು. ಪುಣೆಯಲ್ಲಿ ಪೇಶ್ವೆಗಿರಿ ತಂದೆಯಿಂದ ಮಗನಿಗೆ ಇಳಿದು ಬಂದು ಛತ್ರಪತಿಗಳು ನಾಮಮಾತ್ರದ ದೊರೆಗಳಾಗಿದ್ದುದು ಎಲ್ಲರ ಕಣ್ಣಮುಂದಿತ್ತು. ಮೈಸೂರಿನ ಅರಸು ಮನೆತನಕ್ಕಂತೂ ದಳವಾಯಿಗಳ ಕಾಲದ ನೋವು ಇನ್ನೂ ಆರಿರಲಿಲ್ಲ. ದಳವಾಯಿಗಳು, ಆಮೇಲೆ ಹೈದರ್, ಈಗ ಮೂರನೆಯದೊಂದು ಮಂತ್ರಿ ಮನೆತನವೇ ಎಂಬ ಭಯ ಅರಮನೆಗೆ ಬಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ರೆಸಿಡೆಂಟರಾಗಿದ್ದ ಕೋಲ್ ದೊರೆಯ ಪಕ್ಷ ವಹಿಸಿದರು. 1811ರ ಕೊನೆಯಲ್ಲಿ ಮುಮ್ಮಡಿಯವರು ಅಧಿಕಾರ ವಹಿಸಿಕೊಂಡರು. ಪೂರ್ಣಯ್ಯ ಶ್ರೀರಂಗಪಟ್ಟಣಕ್ಕೆ ಮರಳಿದರು. ತಾವು ಯುವಕರಾಗಿ ಲೆಕ್ಕದ ಕಟ್ಟು ಹಿಡಿದು ಹೊಕ್ಕ ಊರಿನಲ್ಲಿ, ಅಧಿಕಾರ ಬಿಟ್ಟು ಕೆಲವೇ ತಿಂಗಳಲ್ಲಿ, 1812ರ ಮಾರ್ಚ್ ಕೊನೆಗೆ ಕಣ್ಣುಮುಚ್ಚಿದರು.

ವಂಶಕ್ಕೆ ಸಿಕ್ಕಿದ್ದು ಹುದ್ದೆಯಲ್ಲ, ಜಹಗೀರು. ಅದಕ್ಕೂ ನಾಲ್ಕು ವರ್ಷ ಮೊದಲು, 1807ರ ಡಿಸೆಂಬರಿನಲ್ಲಿ, ಯಳಂದೂರು ಸೀಮೆಯನ್ನು ಪೂರ್ಣಯ್ಯನವರಿಗೂ ಅವರ ಸಂತತಿಗೂ ಉಂಬಳಿಯಾಗಿ ಬಿಟ್ಟುಕೊಡಲಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಬುಡದ, ಸುವರ್ಣಾವತಿ ಹರಿಯುವ ಆ ನೆಲ ಹಿಂದೆ ಪದಿನಾಡಿನ ಅರಸರದಾಗಿತ್ತು. ಗಡಿಯಾಚೆಯಿಂದ ಬಂದ ಲೆಕ್ಕಿಗನ ಕುಟುಂಬ ಹೀಗೆ ಕನ್ನಡ ನೆಲದ ಒಂದು ತುಂಡಿಗೆ ಕಟ್ಟಿಬಿತ್ತು. ಮೂರು ನಾಲ್ಕು ತಲೆಮಾರುಗಳ ಕಾಲ ಯಳಂದೂರು ಜಹಗೀರುದಾರರು ಎಂಬುದೇ ಆ ಮನೆತನದ ಗುರುತು.

ಆಮೇಲೆ ನಡೆದದ್ದು ಚರಿತ್ರೆಯ ಒಂದು ತಮಾಷೆ. ಪೂರ್ಣಯ್ಯ ಸನದಿನ ಮೂಲಕ ಪಡೆಯಲಾರದ್ದನ್ನು ಅವರ ವಂಶದವರೊಬ್ಬರು ಪದವಿ ಮತ್ತು ಸೇವೆಯ ಮೂಲಕ ಪಡೆದರು. 1849ರಲ್ಲಿ ಹುಟ್ಟಿದ ಪಿ.ಎನ್. ಕೃಷ್ಣಮೂರ್ತಿ ಯಳಂದೂರಿನ ಐದನೆಯ ಜಹಗೀರುದಾರರು. ಮನೆಯಲ್ಲಿ ಕೂತು ಉಣ್ಣಬಹುದಾಗಿದ್ದವರು ಇಂಗ್ಲಿಷ್ ವಿದ್ಯಾಭ್ಯಾಸ ಮಾಡಿ, ಕಾನೂನು ಓದಿ, ಮೈಸೂರಿನ ಆಡಳಿತ ಸೇವೆಗೆ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಶೇಷಾದ್ರಿ ಅಯ್ಯರ್ ನಿವೃತ್ತರಾದ ಮೇಲೆ 1901ರಲ್ಲಿ ದಿವಾನರಾದರು. ಮೂಲಪುರುಷ ಹುದ್ದೆ ಬಿಟ್ಟು ಆಗ ಸರಿಯಾಗಿ ತೊಂಬತ್ತು ವರ್ಷ. ಅವರ ಕಾಲದಲ್ಲೇ, 1902ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ಅದೇ ವರ್ಷ ಯಳಂದೂರಿಗೆ ದೂರವಲ್ಲದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಇವು ಅವರ ಹಿಂದಿನ ದಿವಾನರು ಹಾಕಿಕೊಂಡ ಯೋಜನೆಗಳ ಫಲ ಎಂಬುದು ನಿಜ. ಶೇಷಾದ್ರಿ ಅಯ್ಯರ್ ಮತ್ತು ವಿಶ್ವೇಶ್ವರಯ್ಯ ಎಂಬ ಎರಡು ಎತ್ತರಗಳ ನಡುವೆ ಕೃಷ್ಣಮೂರ್ತಿಯವರ ಹೆಸರು ಅಷ್ಟಾಗಿ ಕಾಣುವುದಿಲ್ಲ. 1906ರಲ್ಲಿ ಅವರು ಹುದ್ದೆ ಬಿಟ್ಟರು.

ಮೈಸೂರಿನ ದಿವಾನರ ಪಟ್ಟಿಯಲ್ಲಿ ಹಿರಿಯರ ನೆರಳು ಕಾಣುವುದು ಇದೊಂದೇ ಕಡೆಯಲ್ಲ. 1909ರಲ್ಲಿ ದಿವಾನರಾದ ಟಿ. ಆನಂದರಾವ್ ತಿರುವಾಂಕೂರು, ಇಂದೋರ್, ಬರೋಡೆಗಳ ಪ್ರಸಿದ್ಧ ದಿವಾನ ಮಾಧವರಾಯರ ಮಗ. 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲರ ಅಜ್ಜ ಆಗಾ ಅಲಿ ಅಸ್ಕರ್ ಶಿರಾಜಿನಿಂದ ಕುದುರೆ ಮಾರುತ್ತ ಬೆಂಗಳೂರಿಗೆ ಬಂದವರು. ಆದರೆ ಹುದ್ದೆ ಎಂದೂ ಯಾರ ಮನೆಯ ಆಸ್ತಿಯೂ ಆಗಲಿಲ್ಲ. 1811ರಲ್ಲಿ ಪೂರ್ಣಯ್ಯನವರ ಬೇಡಿಕೆ ನಡೆದುಬಿಟ್ಟಿದ್ದರೆ ವಿಶ್ವೇಶ್ವರಯ್ಯನವರಂಥ ಮುದ್ದೇನಹಳ್ಳಿಯ ಬಡ ಹುಡುಗನೊಬ್ಬ 1912ರಲ್ಲಿ ಆ ಕುರ್ಚಿಯಲ್ಲಿ ಕೂರುವ ಸಂಭವ ಎಷ್ಟಿತ್ತು ಎಂದು ಯೋಚಿಸಬೇಕಾಗುತ್ತದೆ. ಪೂರ್ಣಯ್ಯನವರೂ ಅಂಥ ಬಡ ಹುಡುಗನಾಗಿಯೇ ಬಂದವರಲ್ಲವೆ? ತಾವು ಏರಿ ಬಂದ ಏಣಿಯನ್ನು ತಮ್ಮ ಮಕ್ಕಳಿಗಾಗಿ ಮೇಲಕ್ಕೆಳೆದುಕೊಳ್ಳಲು ಅವರು ಬಯಸಿದ್ದು, ಆ ಬದುಕಿನಲ್ಲಿ ನನಗೆ ಟಿಪ್ಪುವಿನ ವಿಷಯಕ್ಕಿಂತ ಹೆಚ್ಚು ಕಸಿವಿಸಿ ತರುವ ಸಂಗತಿ.

ಸ್ವಾತಂತ್ರ್ಯದ ನಂತರ ಇನಾಮು ರದ್ದತಿಯ ಕಾನೂನುಗಳು ಬಂದು ಜಹಗೀರುಗಳ ಕಾಲವೂ ಮುಗಿಯಿತು. ಯಳಂದೂರು ಈಗ ಚಾಮರಾಜನಗರ ಜಿಲ್ಲೆಯ ಒಂದು ಪುಟ್ಟ ತಾಲ್ಲೂಕು ಕೇಂದ್ರ. ಶ್ರೀರಂಗಪಟ್ಟಣದಿಂದ ಸ್ವಲ್ಪ ದೂರದಲ್ಲಿ, ಕಿರಂಗೂರಿನ ಬಳಿ, ಎತ್ತರದ ಕಲ್ಲಿನ ಸ್ತಂಭವೊಂದು ನಿಂತಿದೆ. ಅದು ಪೂರ್ಣಯ್ಯನವರ ನೆನಪಿಗಲ್ಲ. ರೆಸಿಡೆಂಟರಾಗಿದ್ದ ಜೋಸಯಾ ವೆಬ್ ಎಂಬ ಇಂಗ್ಲಿಷ್ ಅಧಿಕಾರಿಯ ನೆನಪಿಗೆ ಪೂರ್ಣಯ್ಯನವರೇ ನಿಲ್ಲಿಸಿದ್ದು. ಸೇತುವೆಗೆ ಒಬ್ಬ ಇಂಗ್ಲಿಷರ ಹೆಸರು, ಸ್ತಂಭಕ್ಕೆ ಇನ್ನೊಬ್ಬರದು. ದಿವಾನರ ಹೆಸರು ಜನರ ಬಾಯಲ್ಲಿ ತಾನಾಗಿ ನಿಂತದ್ದು, ಅವರು ಮಾಡಿ ಸೋತ ಒಂದೇ ಕೆಲಸಕ್ಕೆ, ಆ ನಾಲೆಗೆ.

ಕಾವೇರಿಯ ಸಾಗರಕಟ್ಟೆಯಿಂದ ನೀರನ್ನು ತಿರುಗಿಸಿ, ದಿಬ್ಬಗಳನ್ನು ಕೊರೆದು, ಮೈಸೂರಿಗೆ ತರುವುದು ಅವರ ಯೋಜನೆ. ಅಪಾರ ಹಣ ಸುರಿದರು. ನೆಲದ ಮಟ್ಟ ಹೊಂದಲಿಲ್ಲ. ಕಾವೇರಿಯ ನೀರು ಯಂತ್ರಗಳ ಬಲದಿಂದ ಮೈಸೂರಿಗೆ ಏರಿಬಂದದ್ದು 19ನೇ ಶತಮಾನದ ಕೊನೆಯ ದಶಕದಲ್ಲಿ, ಆಮೇಲೆ ಕನ್ನಂಬಾಡಿ ಕಟ್ಟೆಯೆದ್ದು ಸಾಗರಕಟ್ಟೆಯ ಬಳಿಯೇ ಹಿನ್ನೀರು ನಿಂತಿತು. ಊರೊಳಗಿನ ನಾಲೆ ಸಯ್ಯಾಜಿರಾವ್ ರಸ್ತೆಯಾಯಿತು. ಊರಾಚೆ ಪಶ್ಚಿಮದಲ್ಲಿ ಉಳಿದ ಭಾಗ ಮಾತ್ರ ಬೇರೊಂದು ಕೆಲಸಕ್ಕೆ ಒದಗಿತು. ಮುಮ್ಮಡಿಯವರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ಮೇಲಣ ಬಯಲುಗಳ ಮಳೆನೀರನ್ನು ಹೊತ್ತು ತರುವ ಕಾಲುವೆ ಅದಾಯಿತು. ದಿವಾನರನ್ನು ಮನೆಗೆ ಕಳುಹಿಸಿದ ದೊರೆಯ ಕೆರೆಯನ್ನು ದಿವಾನರ ಕಾಲುವೆ ನೂರು ವರ್ಷಕ್ಕೂ ಮಿಕ್ಕಿ ತುಂಬಿಸಿತು. ಕುವೆಂಪು ನಡೆದಾಡಿದ ದಂಡೆಯ ಮೇಲೆ ಇಂದೂ ಬೆಳಗ್ಗೆ ಸಂಜೆ ನೂರಾರು ಜನ ನಡೆಯುತ್ತಾರೆ, ನೀರಹಕ್ಕಿಗಳು ಬರುತ್ತವೆ.

ಆ ಕಾಲುವೆಯ ಉದ್ದಕ್ಕೂ ಈಗ ಬಡಾವಣೆಗಳು ಎದ್ದಿವೆ. ಹಲವೆಡೆ ಒತ್ತುವರಿಯಾಗಿದೆ, ಕೆಲವೆಡೆ ಕಟ್ಟಡದ ಅವಶೇಷ ಸುರಿದು ಮುಚ್ಚಿದ್ದಾರೆ, ಇನ್ನು ಕೆಲವೆಡೆ ಮಳೆನೀರಿನ ಬದಲು ಚರಂಡಿ ನೀರು ಹರಿಯುತ್ತದೆ. ಕಾಲುವೆಯ ಗುರುತು ಹಳೆಯ ನಕ್ಷೆಗಳಲ್ಲಿ ಸ್ಪಷ್ಟವಾಗಿದೆ, ಅಳೆದು ಬಿಡಿಸುವುದಕ್ಕೆ ತೊಡಕೇನೂ ಇಲ್ಲ. ಪೂರ್ಣಯ್ಯನವರ ಕಚೇರಿಯಲ್ಲಿ ಇಂಥ ಒತ್ತುವರಿಯ ಲೆಕ್ಕ ಒಂದು ದಿನವೂ ಬಾಕಿ ಉಳಿಯುತ್ತಿರಲಿಲ್ಲ.